ಕ್ಯಾಡಿಲಾಕ್ ಬ್ರಾಂಡಿನ ಜಾಗತಿಕ ಪ್ರತಿಷ್ಠೆ

ಕ್ಯಾಡಿಲಾಕ್ ಅಮೆರಿಕ ಸಂಯುಕ್ತ ಸಂಸ್ಥಾನದ ಜನರಲ್ ಮೋಟಾರ್ಸ್ ಕಂಪನಿಗೆ ಸೇರಿದ ಐಷಾರಾಮಿ ಕಾರುಗಳ ಬ್ರಾಂಡ್. 1902ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ಆರಂಭವಾದ ಇದು ಇಂದಿಗೂ ಉಳಿದುಕೊಂಡಿರುವ ಜಗತ್ತಿನ ಅತ್ಯಂತ ಹಳೆಯ ಕಾರು ಬ್ರಾಂಡ್‌ಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳಲ್ಲಿ ಅಮೆರಿಕದ ಸಿರಿವಂತಿಕೆಯ ಚಿಹ್ನೆಯಾಗಿ ಮೆರೆದ ಈ ಹೆಸರು 1980ರ ದಶಕದಲ್ಲಿ ತೀವ್ರ ಅವನತಿಯನ್ನು ಕಂಡಿತು. ಕಳೆದುಕೊಂಡ ಸ್ಥಾನವನ್ನು ಮರಳಿ ಪಡೆಯಲು 1999ರಿಂದ ಈಚೆಗೆ ಹಲವು ಪ್ರಯತ್ನಗಳು ನಡೆದಿವೆ. ಒಂದು ದೇಶದ ಸ್ವಂತ ಐಷಾರಾಮಿ ಬ್ರಾಂಡ್ ಒಮ್ಮೆ ಕಳೆದುಕೊಂಡ ಜಾಗತಿಕ ಗೌರವವನ್ನು ಮತ್ತೆ ಗಳಿಸಬಲ್ಲದೇ ಎಂಬ ಚರ್ಚೆಯಲ್ಲಿ ಕ್ಯಾಡಿಲಾಕ್ ಪ್ರಮುಖ ಉದಾಹರಣೆಯಾಗಿದೆ.

ಪ್ರತಿಷ್ಠೆ ಎಂಬ ಪರಿಕಲ್ಪನೆ

ಕಾರು ಉದ್ಯಮದಲ್ಲಿ ಪ್ರತಿಷ್ಠೆ ಎಂಬುದು ಕೇವಲ ಭಾವನೆಯ ಮಾತಲ್ಲ. ಒಂದೇ ಗಾತ್ರದ, ಒಂದೇ ಸಾಮರ್ಥ್ಯದ ಎರಡು ಕಾರುಗಳಲ್ಲಿ ಒಂದಕ್ಕೆ ಗ್ರಾಹಕರು ಹೆಚ್ಚು ಬೆಲೆ ತೆರಲು ಸಿದ್ಧರಿದ್ದರೆ, ಆ ಹೆಚ್ಚುವರಿ ಹಣವೇ ಪ್ರತಿಷ್ಠೆಯ ಅಳತೆ. ರಿಯಾಯಿತಿ ನೀಡದೆ ಮಾರಾಟ ಮಾಡುವ ಶಕ್ತಿ, ಬಳಸಿದ ಕಾರಿಗೂ ಒಳ್ಳೆಯ ಮರುಮಾರಾಟ ಬೆಲೆ, ತಾಯ್ನಾಡಿನ ಹೊರಗೂ ಬೇಡಿಕೆ ಇವು ಅದರ ಇತರ ಲಕ್ಷಣಗಳು. ಮಾರಾಟದ ಸಂಖ್ಯೆ ಮತ್ತು ಪ್ರತಿಷ್ಠೆ ಯಾವಾಗಲೂ ಜೊತೆಯಾಗಿ ಸಾಗುವುದಿಲ್ಲ. ಕ್ಯಾಡಿಲಾಕ್‌ನ ಇತಿಹಾಸದಲ್ಲಿ ಮಾರಾಟ ಏರುತ್ತಿದ್ದಾಗಲೇ ಪ್ರತಿಷ್ಠೆ ಕರಗಲಾರಂಭಿಸಿದ ಕಾಲಘಟ್ಟವೂ ಇದೆ.

ಇಂಗ್ಲಿಷ್ ಭಾಷೆಯಲ್ಲಿ ಯಾವುದೇ ವರ್ಗದ ಅತ್ಯುತ್ತಮ ವಸ್ತುವನ್ನು ಆ ವರ್ಗದ ‘ಕ್ಯಾಡಿಲಾಕ್’ ಎಂದು ಕರೆಯುವ ರೂಢಿ ಬಹುಕಾಲದಿಂದ ಇದೆ. 2010ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಆರೋಗ್ಯ ವಿಮಾ ಕಾಯಿದೆಯು ದುಬಾರಿ ವಿಮಾ ಯೋಜನೆಗಳ ಮೇಲೆ ವಿಧಿಸಲು ಉದ್ದೇಶಿಸಿದ್ದ ತೆರಿಗೆಗೆ ಜನರು ಮತ್ತು ಪತ್ರಿಕೆಗಳು ಕೊಟ್ಟ ಹೆಸರು ‘ಕ್ಯಾಡಿಲಾಕ್ ತೆರಿಗೆ’. ಆ ಹೊತ್ತಿಗೆ ಶ್ರೀಮಂತ ಅಮೆರಿಕನ್ನರಲ್ಲಿ ಅನೇಕರು ಜರ್ಮನ್ ಅಥವಾ ಜಪಾನಿ ಕಾರುಗಳಿಗೆ ಬದಲಾಗಿದ್ದರು. ಕಾರಿನ ಗೌರವ ಕುಗ್ಗಿದ ಮೇಲೂ ಪದದ ಗೌರವ ಉಳಿದಿತ್ತು. 2019ರ ಕೊನೆಯಲ್ಲಿ ಈ ತೆರಿಗೆಯನ್ನು ಜಾರಿಗೆ ಬರುವ ಮೊದಲೇ ರದ್ದುಪಡಿಸಲಾಯಿತು.

ಕೀರ್ತಿಯ ಗಳಿಕೆ

1902ರಲ್ಲಿ ಹೆನ್ರಿ ಫೋರ್ಡ್ ತಮ್ಮ ಎರಡನೆಯ ಕಂಪನಿಯನ್ನು ತೊರೆದಾಗ, ಅದರ ಹೂಡಿಕೆದಾರರು ಯಂತ್ರೋಪಕರಣಗಳ ಬೆಲೆ ಕಟ್ಟಲು ಹೆನ್ರಿ ಲೆಲ್ಯಾಂಡ್ ಎಂಬ ಯಂತ್ರತಜ್ಞರನ್ನು ಕರೆಸಿದರು. ಕಾರ್ಖಾನೆಯನ್ನು ಮುಚ್ಚುವ ಬದಲು ತಾವು ರೂಪಿಸಿದ ಎಂಜಿನ್ ಬಳಸಿ ಕಾರು ತಯಾರಿಸಬಹುದೆಂದು ಲೆಲ್ಯಾಂಡ್ ಅವರನ್ನು ಒಪ್ಪಿಸಿದರು. 1701ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬುನಾದಿ ಹಾಕಿದ ಫ್ರೆಂಚ್ ಅಧಿಕಾರಿ ಆಂತ್ವಾನ್ ದ ಲಾ ಮೋತ್ ಕ್ಯಾಡಿಲಾಕ್ ಅವರ ಹೆಸರನ್ನು ಹೊಸ ಕಂಪನಿಗೆ ಇಡಲಾಯಿತು.

ಲೆಲ್ಯಾಂಡ್ ಬಂದೂಕು ಮತ್ತು ಸೂಕ್ಷ್ಮ ಉಪಕರಣಗಳ ಕಾರ್ಖಾನೆಗಳಲ್ಲಿ ಪಳಗಿದವರು. ಅಂದಿನ ಬಹುತೇಕ ಕಾರುಗಳಲ್ಲಿ ಪ್ರತಿಯೊಂದು ಬಿಡಿಭಾಗವನ್ನೂ ಅರದಿಂದ ಉಜ್ಜಿ, ಆಯಾ ಕಾರಿಗೆ ಹೊಂದಿಸಬೇಕಾಗಿತ್ತು. ಒಂದು ಕಾರಿನ ಭಾಗ ಅದೇ ಮಾದರಿಯ ಮತ್ತೊಂದು ಕಾರಿಗೆ ಕೂಡುತ್ತಿರಲಿಲ್ಲ. ಎಲ್ಲ ಭಾಗಗಳನ್ನೂ ನಿಖರ ಅಳತೆಗೆ ತಯಾರಿಸಬೇಕೆಂಬ ನಿಯಮವನ್ನು ಲೆಲ್ಯಾಂಡ್ ಜಾರಿಗೆ ತಂದರು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೋಮೊಬೈಲ್ ಕ್ಲಬ್ ಇದನ್ನು ಪರೀಕ್ಷೆಗೆ ಒಡ್ಡಿತು. ಲಂಡನ್ನಿನಲ್ಲಿದ್ದ ಮೂರು ಕ್ಯಾಡಿಲಾಕ್ ಕಾರುಗಳನ್ನು ಬ್ರೂಕ್‌ಲ್ಯಾಂಡ್ಸ್ ಓಟಪಥದ ಬಳಿ ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನು ಒಂದೇ ರಾಶಿಯಲ್ಲಿ ಬೆರೆಸಿ, ಕೆಲವು ಭಾಗಗಳನ್ನು ತೆಗೆದು ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ಸೇರಿಸಲಾಯಿತು. ಆ ರಾಶಿಯಿಂದಲೇ, ಸಾಮಾನ್ಯ ಕೈ ಉಪಕರಣಗಳನ್ನು ಬಳಸಿ, ಮೂರು ಕಾರುಗಳನ್ನು ಮರುಜೋಡಿಸಿ 500 ಮೈಲಿ ಓಡಿಸಲಾಯಿತು. ಈ ಸಾಧನೆಗಾಗಿ ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ದೊರೆಯಿತು. ‘ಜಗತ್ತಿನ ಮಾನದಂಡ’ ಎಂಬ ಅರ್ಥದ ಅದರ ಘೋಷವಾಕ್ಯಕ್ಕೆ ಈ ಪರೀಕ್ಷೆಯೇ ಆಧಾರವಾಯಿತು.

1909ರಲ್ಲಿ ಕ್ಯಾಡಿಲಾಕ್ ಜನರಲ್ ಮೋಟಾರ್ಸ್‌ನ ಭಾಗವಾಯಿತು. ಕಾರಿನ ಎಂಜಿನ್ನನ್ನು ಹಿಡಿಕೆಯಿಂದ ಕೈಯಲ್ಲಿ ತಿರುಗಿಸಿ ಚಾಲೂ ಮಾಡಬೇಕಾಗಿದ್ದ ಆ ಕಾಲದಲ್ಲಿ ಹಿಡಿಕೆ ಹಿಮ್ಮುಖವಾಗಿ ಬಡಿದು ಕೈ ಮುರಿಯುವ ಅಪಘಾತಗಳು ಸಾಮಾನ್ಯವಾಗಿದ್ದವು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಇದಕ್ಕಾಗಿ ಕ್ಯಾಡಿಲಾಕ್ ಎರಡನೆಯ ಬಾರಿ ಡ್ಯೂವರ್ ಟ್ರೋಫಿಯನ್ನು ಪಡೆಯಿತು. 1914ರಲ್ಲಿ ಎಂಟು ಸಿಲಿಂಡರುಗಳ ವಿ-8 ಎಂಜಿನ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. 1928ರಲ್ಲಿ ಗೇರುಗಳು ಕರ್ಕಶ ಸದ್ದಿಲ್ಲದೆ ಕೂಡುವಂತೆ ಮಾಡುವ ಸಿಂಕ್ರೋಮೆಶ್ ವ್ಯವಸ್ಥೆ ಬಂದಿತು. 1930ರ ಜನವರಿಯಲ್ಲಿ 16 ಸಿಲಿಂಡರುಗಳ, 7.4 ಲೀಟರ್ ಗಾತ್ರದ ವಿ-16 ಎಂಜಿನ್ನಿನ ಕಾರು ಪ್ರದರ್ಶನಗೊಂಡಿತು. ಈ ಅವಧಿಯ ಕೀರ್ತಿಗೆ ಜಾಹೀರಾತಿಗಿಂತ ಯಂತ್ರಶಿಲ್ಪದ ಮುಂದಾಳುತನವೇ ತಳಹದಿಯಾಗಿತ್ತು.

ಆರ್ಥಿಕ ಕುಸಿತದಿಂದ ಉಚ್ಛ್ರಾಯದವರೆಗೆ

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕ್ಯಾಡಿಲಾಕ್ ವಿಭಾಗವನ್ನೇ ಮುಚ್ಚುವ ಆಲೋಚನೆ ಜನರಲ್ ಮೋಟಾರ್ಸ್‌ನಲ್ಲಿ ಬಂದಿತ್ತು. ನಿರ್ವಹಣಾ ಚಿಂತಕ ಪೀಟರ್ ಡ್ರಕ್ಕರ್ ದಾಖಲಿಸಿರುವ ಪ್ರಕಾರ, ಆಗ ಸೇವಾ ವಿಭಾಗದಲ್ಲಿದ್ದ ನಿಕೋಲಸ್ ಡ್ರೇಸ್ಟಾಟ್ ಒಂದು ಸಂಗತಿಯನ್ನು ಗಮನಿಸಿದ್ದರು. ಕಂಪನಿಯು ಕರಿಯ ಜನಾಂಗದವರಿಗೆ ಕಾರು ಮಾರುವುದಿಲ್ಲವೆಂಬ ನಿಲುವು ತಳೆದಿದ್ದರೂ, ದುರಸ್ತಿಗೆ ಬರುವ ಕಾರುಗಳ ಒಡೆಯರಲ್ಲಿ ಕರಿಯ ವೈದ್ಯರು, ಮುಷ್ಟಿಯೋಧರು, ಗಾಯಕರು ಅನೇಕರಿದ್ದರು. ಅವರು ಬಿಳಿಯರೊಬ್ಬರಿಗೆ ಹಣ ಕೊಟ್ಟು, ಅವರ ಹೆಸರಿನಲ್ಲಿ ಕಾರು ಕೊಳ್ಳುತ್ತಿದ್ದರು. ವಸತಿ, ಹೋಟೆಲು, ಕ್ಲಬ್ಬುಗಳ ಬಾಗಿಲು ಮುಚ್ಚಿದ್ದ ಸಮಾಜದಲ್ಲಿ ಅವರ ಪಾಲಿಗೆ ಕ್ಯಾಡಿಲಾಕ್ ತಮ್ಮ ಯಶಸ್ಸನ್ನು ಕಣ್ಣಿಗೆ ಕಾಣುವಂತೆ ಮಾಡುವ ಕೆಲವೇ ವಸ್ತುಗಳಲ್ಲಿ ಒಂದಾಗಿತ್ತು. ಅವರಿಗೆ ನೇರವಾಗಿ ಮಾರಾಟ ಮಾಡಬೇಕೆಂದು ಡ್ರೇಸ್ಟಾಟ್ ಆಡಳಿತ ಮಂಡಳಿಯನ್ನು ಒಪ್ಪಿಸಿದರು. ವಿಭಾಗ ಉಳಿಯಿತು, ಮುಂದೆ ಅವರೇ ಅದರ ಮುಖ್ಯಸ್ಥರಾದರು.

ಎರಡನೆಯ ಮಹಾಯುದ್ಧದ ಬಳಿಕ ಕ್ಯಾಡಿಲಾಕ್ ತನ್ನ ಉಚ್ಛ್ರಾಯವನ್ನು ತಲುಪಿತು. 1948ರ ಮಾದರಿಗಳಲ್ಲಿ ಲಾಕ್‌ಹೀಡ್ ಪಿ-38 ಯುದ್ಧವಿಮಾನದಿಂದ ಪ್ರೇರಿತವಾದ ಬಾಲದ ರೆಕ್ಕೆಗಳು ಕಾಣಿಸಿಕೊಂಡವು. ಇವು ಹಾರ್ಲಿ ಅರ್ಲ್ ನೇತೃತ್ವದ ವಿನ್ಯಾಸ ವಿಭಾಗದ ಕೊಡುಗೆ. 1949ರಲ್ಲಿ ಹಗುರವೂ ಶಕ್ತಿಯುತವೂ ಆದ ಹೊಸ ವಿ-8 ಎಂಜಿನ್ ಬಂದಿತು. 1950ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಅವರ ಎರಡು ಕ್ಯಾಡಿಲಾಕ್ ಕಾರುಗಳು 10ನೆಯ ಮತ್ತು 11ನೆಯ ಸ್ಥಾನ ಪಡೆದವು. ಅದೇ ವರ್ಷ ಕ್ಯಾಡಿಲಾಕ್‌ನ ವಾರ್ಷಿಕ ಉತ್ಪಾದನೆ ಮೊದಲ ಬಾರಿಗೆ 1 ಲಕ್ಷವನ್ನು ದಾಟಿತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಪದಗ್ರಹಣದ ಮೆರವಣಿಗೆಯಲ್ಲಿ ಎಲ್ಡೊರಾಡೊ ಮಾದರಿಯ ತೆರೆದ ಕಾರಿನಲ್ಲಿ ಸಾಗಿದರು. 1957ರ ಎಲ್ಡೊರಾಡೊ ಬ್ರೌಹ್ಯಾಮ್ ಮಾದರಿಯ ಬೆಲೆ 13,000 ಡಾಲರಿಗೂ ಹೆಚ್ಚಾಗಿತ್ತು. ಬಾಲದ ರೆಕ್ಕೆಗಳು ಅತ್ಯಂತ ಎತ್ತರಕ್ಕೆ ಬೆಳೆದದ್ದು 1959ರ ಮಾದರಿಗಳಲ್ಲಿ.

ಅವನತಿ

ಅವನತಿಯ ಬೀಜಗಳು ಸಮೃದ್ಧಿಯ ಕಾಲದಲ್ಲೇ ಮೊಳೆತಿದ್ದವು. 1973ರಲ್ಲಿ ವಾರ್ಷಿಕ ಉತ್ಪಾದನೆ 3 ಲಕ್ಷವನ್ನು ಮೀರಿತು. 1978ರಲ್ಲಿ ಅಮೆರಿಕದಲ್ಲಿ ಸುಮಾರು 3.5 ಲಕ್ಷ ಕಾರುಗಳು ಮಾರಾಟವಾದವು. ಆದರೆ ಬೀದಿಬೀದಿಯಲ್ಲಿ ಕಾಣುವ ವಸ್ತುವಿಗೆ ಅಪರೂಪದ ಗೌರವ ಉಳಿಯುವುದು ಕಷ್ಟ. ಹೆಚ್ಚಿನ ಸಂಖ್ಯೆಗಾಗಿ ಒಳಾಂಗಣದ ಸಾಮಗ್ರಿಗಳಲ್ಲಿ ಮಿತವ್ಯಯ ಆರಂಭವಾಯಿತು. ಜನರಲ್ ಮೋಟಾರ್ಸ್‌ನ ಅಗ್ಗದ ಬ್ರಾಂಡ್‌ಗಳ ಕಾರುಗಳೊಂದಿಗೆ ಹಂಚಿಕೊಳ್ಳುವ ಭಾಗಗಳು ಹೆಚ್ಚಿದವು.

1973ರ ತೈಲ ಬಿಕ್ಕಟ್ಟು ಮತ್ತು ಅದರ ಬೆನ್ನಿಗೆ ಬಂದ ಇಂಧನ ಮಿತವ್ಯಯದ ಕಾನೂನುಗಳು ದೊಡ್ಡ ಕಾರುಗಳ ತಯಾರಕರನ್ನು ಇಕ್ಕಟ್ಟಿಗೆ ಸಿಲುಕಿಸಿದವು. 1970ರ ಎಲ್ಡೊರಾಡೊ ಕಾರಿನ ಎಂಜಿನ್ 8.2 ಲೀಟರ್ ಗಾತ್ರದ್ದಾಗಿತ್ತು. ಅಂಥ ಎಂಜಿನ್‌ಗಳಿಂದ ಹೊರಬರಲು ಕ್ಯಾಡಿಲಾಕ್ ಅವಸರದಲ್ಲಿ ಕೈಗೊಂಡ ಮೂರು ಕ್ರಮಗಳು ಅದರ ಹೆಸರಿಗೆ ಪೆಟ್ಟು ಕೊಟ್ಟವು.

ಮೊದಲನೆಯದು, ಓಲ್ಡ್ಸ್‌ಮೊಬೈಲ್ ವಿಭಾಗದಿಂದ ಪಡೆದ 5.7 ಲೀಟರಿನ ಡೀಸೆಲ್ ಎಂಜಿನ್. ಇದರ ಸಿಲಿಂಡರ್ ಹೆಡ್ ಬೋಲ್ಟುಗಳು ಡೀಸೆಲ್ ಎಂಜಿನ್ನಿನ ಒತ್ತಡವನ್ನು ತಾಳಲಾರದೆ ವಿಫಲವಾಗುತ್ತಿದ್ದವು. ಎರಡನೆಯದು, 1981ರಲ್ಲಿ ಬಂದ ವಿ-8-6-4 ಎಂಜಿನ್. ಅಗತ್ಯಕ್ಕೆ ತಕ್ಕಂತೆ ಎಂಟು, ಆರು ಅಥವಾ ನಾಲ್ಕು ಸಿಲಿಂಡರುಗಳಲ್ಲಿ ಓಡುವ ಈ ಕಲ್ಪನೆ ಸರಿಯಾದುದೇ ಆಗಿತ್ತು. ಇಂದು ಅನೇಕ ಕಾರುಗಳಲ್ಲಿ ಅದು ಬಳಕೆಯಲ್ಲಿದೆ. ಆದರೆ ಅಂದಿನ ವಿದ್ಯುನ್ಮಾನ ನಿಯಂತ್ರಣಕ್ಕೆ ಬೇಕಾದ ವೇಗವಿರಲಿಲ್ಲ. ಕಾರು ಜಗ್ಗುವುದನ್ನು ಸಹಿಸಲಾರದೆ ಅನೇಕರು ಈ ವ್ಯವಸ್ಥೆಯ ಸಂಪರ್ಕವನ್ನೇ ಕಡಿದುಹಾಕಿಸಿದರು. ಮೂರನೆಯದು, 1982ರ ಎಚ್‌ಟಿ-4100 ಎಂಬ ಹಗುರ ಎಂಜಿನ್. ಅಲ್ಯೂಮಿನಿಯಂ ಬ್ಲಾಕಿನ ಮೇಲೆ ಬೀಡುಕಬ್ಬಿಣದ ಹೆಡ್ ಕೂರಿಸಿದ್ದ ಇದರಲ್ಲಿ ಗ್ಯಾಸ್ಕೆಟ್ ಸೋರಿಕೆಯ ದೂರುಗಳು ಹೆಚ್ಚಾಗಿದ್ದವು, ಶಕ್ತಿಯೂ ಕಡಿಮೆಯಾಗಿತ್ತು.

1982ರ ಮಾದರಿಯಾಗಿ ಬಂದ ಸಿಮರಾನ್ ಕಾರನ್ನು ಬ್ರಾಂಡಿನ ಪತನದ ಸಂಕೇತವೆಂದು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಬಿಎಂಡಬ್ಲ್ಯು ಕಂಪನಿಯ ಚಿಕ್ಕ ಕಾರುಗಳಿಗೆ ಉತ್ತರವಾಗಿ ಕ್ಯಾಡಿಲಾಕ್‌ಗೂ ಒಂದು ಚಿಕ್ಕ ಕಾರು ಬೇಕಾಗಿತ್ತು. ಹೊಸದೊಂದನ್ನು ರೂಪಿಸುವಷ್ಟು ಸಮಯ ಕೊಡದೆ, ಶೆವ್ರೊಲೆ ಕ್ಯಾವಲಿಯರ್ ಎಂಬ ಅಗ್ಗದ ಕಾರಿಗೆ ಚರ್ಮದ ಆಸನ, ಹೊಸ ಜಾಲರಿ ಮತ್ತು ಕ್ಯಾಡಿಲಾಕ್ ಲಾಂಛನ ಸೇರಿಸಿ ಹೆಚ್ಚಿನ ಬೆಲೆಗೆ ಮಾರಾಟಕ್ಕೆ ಇಡಲಾಯಿತು. ಎರಡೂ ಕಾರುಗಳ ಹೋಲಿಕೆ ಯಾರ ಕಣ್ಣಿಗಾದರೂ ಕಾಣುವಂತಿತ್ತು. 1988ರಲ್ಲಿ ಅದರ ತಯಾರಿಕೆ ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಕನ್ನಡದ ಗಾದೆಗೆ ಉದ್ಯಮ ಚರಿತ್ರೆಯಲ್ಲಿ ಇದಕ್ಕಿಂತ ತಕ್ಕ ನಿದರ್ಶನ ವಿರಳ.

1986ರ ಎಲ್ಡೊರಾಡೊ ಮಾದರಿಯನ್ನು ಬಹಳ ಚಿಕ್ಕದಾಗಿಸಿದಾಗ ಅದರ ಮಾರಾಟ ಹಿಂದಿನ ವರ್ಷದ ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯಿತು. ಕೀರ್ತಿಯನ್ನು ಮರಳಿಸಲೆಂದು 1987ರ ಮಾದರಿಯಾಗಿ ಬಂದ ಅಲಾಂಟೆ ಎಂಬ ಎರಡು ಆಸನಗಳ ಕಾರಿನ ದೇಹವನ್ನು ಇಟಲಿಯ ತುರಿನ್ ನಗರದಲ್ಲಿ ಪಿನಿನ್‌ಫರೀನಾ ಸಂಸ್ಥೆ ತಯಾರಿಸುತ್ತಿತ್ತು. ಅಲ್ಲಿಂದ ಬೋಯಿಂಗ್ 747 ಸರಕು ವಿಮಾನಗಳಲ್ಲಿ ಡೆಟ್ರಾಯಿಟ್‌ಗೆ ಸಾಗಿಸಿ ಎಂಜಿನ್ ಜೋಡಿಸಲಾಗುತ್ತಿತ್ತು. ಇಷ್ಟು ವೆಚ್ಚ ಮಾಡಿ ತಯಾರಿಸಿದ ಕಾರಿಗೆ ಮೊದಲಿಗೆ ಹಾಕಿದ್ದು ದೂರುಗಳಿಗೆ ಗುರಿಯಾಗಿದ್ದ 4100 ಎಂಜಿನ್ನಿನ ಸುಧಾರಿತ ರೂಪವನ್ನೇ. 1993ರಲ್ಲಿ, ಒಳ್ಳೆಯ ನಾರ್ತ್‌ಸ್ಟಾರ್ ಎಂಜಿನ್ ದೊರೆತ ವರ್ಷವೇ, ಅದರ ತಯಾರಿಕೆಯನ್ನು ನಿಲ್ಲಿಸಲಾಯಿತು.

ವಿದೇಶಿ ಪೈಪೋಟಿ

ಕ್ಯಾಡಿಲಾಕ್ ಎಡವುತ್ತಿದ್ದ ಕಾಲದಲ್ಲೇ ಮರ್ಸಿಡಿಸ್-ಬೆಂಜ್ ಮತ್ತು ಬಿಎಂಡಬ್ಲ್ಯು ಅಮೆರಿಕದಲ್ಲಿ ಬೇರೂರಿದವು. ಮೆತ್ತನೆಯ ಆಸನ, ತೇಲುವಂಥ ಸವಾರಿ, ಕ್ರೋಮಿಯಂ ಹೊಳಪು ಇವೇ ಐಷಾರಾಮ ಎಂಬ ಕಲ್ಪನೆ ಹಿಂದೆ ಸರಿದು, ಚಾಲನೆಯ ನಿಖರತೆ ಮತ್ತು ತಯಾರಿಕೆಯ ಗಟ್ಟಿತನವೇ ಐಷಾರಾಮ ಎಂಬ ಹೊಸ ಕಲ್ಪನೆ ನೆಲೆಗೊಂಡಿತು. ವ್ಯಾಖ್ಯೆಯೇ ಬದಲಾದಾಗ ಹಳೆಯ ವ್ಯಾಖ್ಯೆಯ ಪ್ರತಿನಿಧಿ ತಾನಾಗಿಯೇ ಹಿಂದುಳಿಯಿತು.

1989ರಲ್ಲಿ ಟೊಯೊಟಾ ಕಂಪನಿಯು ಲೆಕ್ಸಸ್ ಬ್ರಾಂಡನ್ನು ಆರಂಭಿಸಿತು. ಅದರ ಎಲ್‌ಎಸ್ 400 ಕಾರು ಸುಮಾರು 35,000 ಡಾಲರಿಗೆ ಮಾರಾಟಕ್ಕೆ ಬಂದಿತು. ಕೆಲವೇ ತಿಂಗಳಲ್ಲಿ ಸಣ್ಣ ದೋಷಗಳು ಕಂಡುಬಂದಾಗ, ಮಾರಾಟವಾಗಿದ್ದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಸಿ, ಒಡೆಯರ ಮನೆಗಳಿಂದಲೇ ಕೊಂಡೊಯ್ದು ಸರಿಪಡಿಸಿ ಹಿಂತಿರುಗಿಸಲಾಯಿತು. ಹೊಸ ಬ್ರಾಂಡಿನ ಕೀರ್ತಿಗೆ ಕುಂದಾಗಬಹುದಾಗಿದ್ದ ಸಂಗತಿಯೇ ಅದರ ಕೀರ್ತಿಗೆ ಕಾರಣವಾಯಿತು. 1998ರಲ್ಲಿ ಅಮೆರಿಕದ ಮಾರಾಟದಲ್ಲಿ ಫೋರ್ಡ್ ಕಂಪನಿಯ ಲಿಂಕನ್ ಬ್ರಾಂಡ್ ಕ್ಯಾಡಿಲಾಕನ್ನು ಹಿಂದಿಕ್ಕಿತು. 2000ದಿಂದ 2010ರವರೆಗೆ ಲೆಕ್ಸಸ್ ಅಲ್ಲಿನ ಮೊದಲ ಐಷಾರಾಮಿ ಬ್ರಾಂಡ್ ಆಗಿತ್ತು.

ಪುನರುತ್ಥಾನದ ಪ್ರಯತ್ನಗಳು

1999ರಲ್ಲಿ ಪ್ರದರ್ಶಿತವಾದ ಇವೊಕ್ ಎಂಬ ಪರಿಕಲ್ಪನಾ ಕಾರು ಚೂಪು ಅಂಚುಗಳ ಹೊಸ ವಿನ್ಯಾಸ ಶೈಲಿಯನ್ನು ಪರಿಚಯಿಸಿತು. ಈ ಶೈಲಿಗೆ ‘ಕಲೆ ಮತ್ತು ವಿಜ್ಞಾನ’ ಎಂಬ ಹೆಸರಿತ್ತು. ಅದರಂತೆ ರೂಪುಗೊಂಡ ಸಿಟಿಎಸ್ ಕಾರು 2002ರಲ್ಲಿ, 2003ರ ಮಾದರಿಯಾಗಿ, ಮಾರುಕಟ್ಟೆಗೆ ಬಂದಿತು. ಹಿಂಬದಿ ಚಕ್ರಗಳಿಗೆ ಶಕ್ತಿ ನೀಡುವ ಹೊಸ ತಳಹದಿಯ ಮೇಲೆ ನಿರ್ಮಿತವಾದ ಈ ಕಾರನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ ಪರೀಕ್ಷಿಸಲಾಗಿತ್ತು. 2008ರಲ್ಲಿ ಸಿಟಿಎಸ್-ವಿ ಎಂಬ ಅದರ ಶಕ್ತಿಯುತ ರೂಪವು ಅದೇ ಪಥವನ್ನು 8 ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಸುತ್ತಿತು.

ಲಿಂಕನ್ ನ್ಯಾವಿಗೇಟರ್‌ಗೆ ಉತ್ತರವಾಗಿ 1998ರಲ್ಲಿ ಅವಸರದಲ್ಲಿ ತಂದ ಎಸ್ಕಲೇಡ್ ಎಂಬ ದೊಡ್ಡ ಎಸ್‌ಯುವಿ ಅನಿರೀಕ್ಷಿತ ಯಶಸ್ಸು ಗಳಿಸಿತು. ಅದರ ಎರಡನೆಯ ಪೀಳಿಗೆಯು ಹಿಪ್-ಹಾಪ್ ಗಾಯಕರು ಮತ್ತು ಕ್ರೀಡಾಪಟುಗಳ ಮೆಚ್ಚಿನ ವಾಹನವಾಯಿತು. ಯೋಜಿತವಾಗಿ ರೂಪಿಸಿದ ಕಾರುಗಳಿಗಿಂತ ಯೋಜನೆಯಿಲ್ಲದೆ ಬಂದ ಎಸ್ಕಲೇಡ್ ಬ್ರಾಂಡಿಗೆ ಹೆಚ್ಚು ಗೌರವವನ್ನೂ ಲಾಭವನ್ನೂ ತಂದಿತು. 2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆ ಕೋರಿದಾಗ ಪಾಂಟಿಯಾಕ್, ಸ್ಯಾಟರ್ನ್ ಮುಂತಾದ ಬ್ರಾಂಡ್‌ಗಳು ಕೊನೆಗೊಂಡವು. ಉಳಿಸಿಕೊಂಡ ನಾಲ್ಕು ಬ್ರಾಂಡ್‌ಗಳಲ್ಲಿ ಕ್ಯಾಡಿಲಾಕ್ ಒಂದಾಗಿತ್ತು.

2014ರಲ್ಲಿ ಆಡಿ ಮತ್ತು ಇನ್ಫಿನಿಟಿ ಬ್ರಾಂಡ್‌ಗಳಲ್ಲಿ ಕೆಲಸ ಮಾಡಿದ್ದ ಯೋಹಾನ್ ಡಿ ನೈಶನ್ ಮುಖ್ಯಸ್ಥರಾಗಿ ಬಂದರು. ಡೆಟ್ರಾಯಿಟ್‌ನ ಆಡಳಿತ ಪದ್ಧತಿಯಿಂದ ದೂರವಿರಬೇಕೆಂದು ಪ್ರಧಾನ ಕಚೇರಿಯನ್ನು ನ್ಯೂಯಾರ್ಕ್ ನಗರಕ್ಕೆ ಸ್ಥಳಾಂತರಿಸಲಾಯಿತು. ರಿಯಾಯಿತಿಗಳನ್ನು ಕಡಿತಗೊಳಿಸಲಾಯಿತು. ಪರಿವರ್ತನೆಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕೆಂಬುದು ಅವರ ನಿಲುವಾಗಿತ್ತು. ಆದರೆ ಗ್ರಾಹಕರು ಎಸ್‌ಯುವಿಗಳತ್ತ ವಾಲುತ್ತಿದ್ದಾಗ ಬ್ರಾಂಡಿನ ಬಳಿ ಹೆಚ್ಚಾಗಿ ಸೆಡಾನ್ ಕಾರುಗಳೇ ಇದ್ದವು. 2018ರ ಏಪ್ರಿಲ್‌ನಲ್ಲಿ ಅವರು ಹುದ್ದೆಯಿಂದ ನಿರ್ಗಮಿಸಿದರು. ಅದೇ ವರ್ಷ ಕಚೇರಿಯನ್ನು ಮಿಷಿಗನ್‌ಗೆ ಮರಳಿಸುವ ನಿರ್ಧಾರ ಪ್ರಕಟವಾಯಿತು.

ಯುರೋಪ್ ಮತ್ತು ಚೀನಾ

ಜಾಗತಿಕ ಪ್ರತಿಷ್ಠೆಯ ಪ್ರಶ್ನೆಯಲ್ಲಿ ಯುರೋಪ್ ಕ್ಯಾಡಿಲಾಕ್‌ನ ಬಲಹೀನ ಭಾಗ. 2006ರಲ್ಲಿ ಯುರೋಪಿಗೆಂದೇ ಬಂದ ಬಿಎಲ್‌ಎಸ್ ಮಾದರಿಯನ್ನು ಸಾಬ್ 9-3 ಕಾರಿನ ಆಧಾರದ ಮೇಲೆ ಸ್ವೀಡನ್ನಿನ ಟ್ರೋಲ್‌ಹೆಟನ್‌ನಲ್ಲಿ ತಯಾರಿಸಲಾಯಿತು. ಸಿಮರಾನ್‌ನ ತಪ್ಪು ಬೇರೊಂದು ರೂಪದಲ್ಲಿ ಮರುಕಳಿಸಿತು. ಮಾರಾಟ ಕೆಲವೇ ಸಾವಿರಗಳಿಗೆ ಸೀಮಿತವಾಯಿತು. 2009ರಲ್ಲಿ ಅಲ್ಲಿನ ವಿತರಕ ಕ್ರೊಯ್‌ಮನ್ಸ್ ಕಂಪನಿ ದಿವಾಳಿಯಾಯಿತು. 2023ರಲ್ಲಿ ಲಿರಿಕ್ ಎಂಬ ವಿದ್ಯುತ್ ಕಾರಿನೊಂದಿಗೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಿಂದ, ಬ್ರಾಂಡ್ ಮತ್ತೊಮ್ಮೆ ಯುರೋಪಿನ ಪ್ರವೇಶಕ್ಕೆ ತೊಡಗಿತು.

ಚೀನಾದಲ್ಲಿ ಸ್ಥಿತಿ ಬೇರೆಯಾಗಿತ್ತು. 1980ರ ದಶಕದ ವೈಫಲ್ಯಗಳ ನೆನಪಿಲ್ಲದ ಗ್ರಾಹಕರಿಗೆ ಕ್ಯಾಡಿಲಾಕ್ ಹಾಲಿವುಡ್ ಮತ್ತು ಅಮೆರಿಕದ ಅಧ್ಯಕ್ಷರ ಕಾರಾಗಿಯೇ ಪರಿಚಿತವಾಗಿತ್ತು. 2016ರಲ್ಲಿ ಶಾಂಘೈನ ಜಿಂಚಿಯಾವ್ ಪ್ರದೇಶದಲ್ಲಿ ಪ್ರತ್ಯೇಕ ಕಾರ್ಖಾನೆ ಆರಂಭವಾಯಿತು. 2017ರಲ್ಲಿ ಚೀನಾ ಮಾರಾಟದಲ್ಲಿ ಅಮೆರಿಕವನ್ನು ಮೀರಿತು. 2018ರಲ್ಲಿ ಅಲ್ಲಿ 2 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಆ ವರ್ಷದ ಜಾಗತಿಕ ಮಾರಾಟ ಸುಮಾರು 3.8 ಲಕ್ಷ. ಆದರೆ ಈ ಬೆಳವಣಿಗೆ ಬಹುಮಟ್ಟಿಗೆ ರಿಯಾಯಿತಿಗಳನ್ನು ಅವಲಂಬಿಸಿತ್ತು. ಚೀನಾದ ಸ್ವದೇಶಿ ವಿದ್ಯುತ್ ಕಾರುಗಳು ಪ್ರಬಲವಾದಂತೆ ಮಾರಾಟ ಇಳಿಮುಖವಾಯಿತು. ಹೋಲಿಕೆಗಾಗಿ, 2024ರಲ್ಲಿ ಬಿಎಂಡಬ್ಲ್ಯು ಬ್ರಾಂಡಿನ ಜಾಗತಿಕ ಮಾರಾಟ ಸುಮಾರು 22 ಲಕ್ಷ ಹಾಗೂ ಮರ್ಸಿಡಿಸ್-ಬೆಂಜ್ ಕಾರುಗಳದ್ದು ಸುಮಾರು 20 ಲಕ್ಷ ಆಗಿತ್ತು.

ವಿದ್ಯುತ್ ಕಾರುಗಳು ಮತ್ತು ಮೋಟಾರು ಸ್ಪರ್ಧೆಗಳು

ವಿದ್ಯುತ್ ಚಾಲನೆಯತ್ತ ಉದ್ಯಮ ಸಾಗುತ್ತಿರುವುದು ಕ್ಯಾಡಿಲಾಕ್‌ಗೆ ಹೊಸ ಅವಕಾಶವೆಂದು ಭಾವಿಸಲಾಗಿದೆ. ಜರ್ಮನ್ ಕಂಪನಿಗಳ ನೂರು ವರ್ಷಗಳ ಎಂಜಿನ್ ಪರಿಣತಿಗೆ ಬ್ಯಾಟರಿ ಯುಗದಲ್ಲಿ ಹಿಂದಿನ ಬೆಲೆ ಇರದು ಎಂಬುದು ಇದರ ಹಿಂದಿನ ತರ್ಕ. 2022ರಲ್ಲಿ ಟೆನೆಸಿ ರಾಜ್ಯದ ಸ್ಪ್ರಿಂಗ್ ಹಿಲ್ ಕಾರ್ಖಾನೆಯಲ್ಲಿ ಲಿರಿಕ್ ತಯಾರಿಕೆ ಆರಂಭವಾಯಿತು. ಆಪ್ಟಿಕ್, ವಿಸ್ಟಿಕ್ ಮತ್ತು ಎಸ್ಕಲೇಡ್ ಐಕ್ಯೂ ಮಾದರಿಗಳು ಅದನ್ನು ಹಿಂಬಾಲಿಸಿದವು. 2030ರ ಹೊತ್ತಿಗೆ ಸಂಪೂರ್ಣ ವಿದ್ಯುತ್ ಬ್ರಾಂಡ್ ಆಗಬೇಕೆಂಬ ಗುರಿಯನ್ನು ಗ್ರಾಹಕರ ಬೇಡಿಕೆಗೆ ಅನುಗುಣವಾಗಿ ನಂತರ ಸಡಿಲಿಸಲಾಯಿತು. ಈ ಪರಿವರ್ತನೆಗೆ ಬೇಕಾದ ಹೂಡಿಕೆ ಮಾಡಲು ಒಪ್ಪದ ನೂರಾರು ಮಾರಾಟಗಾರರು ಪರಿಹಾರ ಪಡೆದು ಹೊರನಡೆದರು.

ಶಿಖರ ಸ್ಥಾನದಲ್ಲಿರುವುದು ಸೆಲೆಸ್ಟಿಕ್ ಎಂಬ ಕಾರು. 3 ಲಕ್ಷ ಡಾಲರಿಗೂ ಮೀರಿದ ಬೆಲೆಯ ಇದನ್ನು ಮಿಷಿಗನ್‌ನ ವಾರನ್‌ನಲ್ಲಿರುವ ತಾಂತ್ರಿಕ ಕೇಂದ್ರದಲ್ಲಿ ಗ್ರಾಹಕರ ಇಚ್ಛೆಗೆ ತಕ್ಕಂತೆ ಕೈಯಿಂದ ಜೋಡಿಸಲಾಗುತ್ತದೆ. ಇದರ ಉದ್ದೇಶ ಹೆಚ್ಚಿನ ಮಾರಾಟವಲ್ಲ. 1930ರ ವಿ-16 ಕಾರಿನಂತೆ ಬ್ರಾಂಡಿನ ಇತರ ಕಾರುಗಳಿಗೆ ಹಿರಿಮೆ ತರುವುದು.

ಮೋಟಾರು ಸ್ಪರ್ಧೆಗಳಲ್ಲಿ ಸಾಧನೆ ಹೆಚ್ಚು ಸ್ಪಷ್ಟವಾಗಿದೆ. 2017ರಿಂದ 2020ರವರೆಗೆ ಡೇಟೋನಾ 24 ಗಂಟೆಗಳ ಓಟವನ್ನು ಕ್ಯಾಡಿಲಾಕ್ ಕಾರುಗಳು ಸತತ ನಾಲ್ಕು ವರ್ಷ ಗೆದ್ದವು. 2023ರ ಲೆ ಮಾನ್ ಓಟದಲ್ಲಿ ಮೂರನೆಯ ಸ್ಥಾನ ಲಭಿಸಿತು. 2025ರಲ್ಲಿ ಆರಂಭದ ಮೊದಲ ಸಾಲಿನ ಎರಡೂ ಸ್ಥಾನಗಳನ್ನು ಕ್ಯಾಡಿಲಾಕ್ ಕಾರುಗಳು ಪಡೆದವು. 2026ರ ಋತುವಿನಿಂದ ಫಾರ್ಮುಲಾ ಒನ್ ಸ್ಪರ್ಧೆಗೆ ಹನ್ನೊಂದನೆಯ ತಂಡವಾಗಿ ಕ್ಯಾಡಿಲಾಕ್‌ಗೆ ಪ್ರವೇಶ ದೊರೆಯಿತು. ಆರಂಭದಲ್ಲಿ ಫೆರಾರಿ ಎಂಜಿನ್ ಬಳಸಿ, ಮುಂದೆ ಜನರಲ್ ಮೋಟಾರ್ಸ್‌ನ ಸ್ವಂತ ಎಂಜಿನ್ ತಯಾರಿಸುವುದು ಯೋಜನೆ.

ಇತರ ಬ್ರಾಂಡ್‌ಗಳ ಅನುಭವ

ಅಮೆರಿಕದ ಪ್ಯಾಕಾರ್ಡ್ ಒಂದು ಕಾಲದಲ್ಲಿ ಕ್ಯಾಡಿಲಾಕ್‌ಗಿಂತಲೂ ಹೆಚ್ಚಿನ ಗೌರವ ಪಡೆದಿತ್ತು. 1935ರಲ್ಲಿ ಕಡಿಮೆ ಬೆಲೆಯ ಕಾರನ್ನು ತಂದು ಅದು ಆರ್ಥಿಕ ಕುಸಿತದಿಂದ ಪಾರಾಯಿತಾದರೂ ಶ್ರೀಮಂತರ ಮನಸ್ಸಿನಲ್ಲಿ ಹಿಂದಿನ ಸ್ಥಾನವನ್ನು ಉಳಿಸಿಕೊಳ್ಳಲಿಲ್ಲ. 1958ರಲ್ಲಿ ಆ ಹೆಸರು ಅಳಿಯಿತು. ಬ್ರಿಟನ್ನಿನ ಜಾಗ್ವಾರ್, ಫೋರ್ಡ್ ಒಡೆತನದಲ್ಲಿದ್ದಾಗ, 2001ರಲ್ಲಿ ಫೋರ್ಡ್ ಮೊಂಡಿಯೊ ಆಧಾರದ ಎಕ್ಸ್-ಟೈಪ್ ಕಾರನ್ನು ತಂದು ಇಂಥದೇ ಟೀಕೆಗೆ ಗುರಿಯಾಯಿತು. 2008ರಲ್ಲಿ ಭಾರತದ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂದ ಮೇಲೂ ಜರ್ಮನ್ ಬ್ರಾಂಡ್‌ಗಳ ಮಟ್ಟದ ಮಾರಾಟ ಅದಕ್ಕೆ ಸಾಧ್ಯವಾಗಲಿಲ್ಲ.

ವಿರುದ್ಧ ದಿಕ್ಕಿನ ಉದಾಹರಣೆ ಜರ್ಮನಿಯ ಆಡಿ. 1986ರಲ್ಲಿ ಅದರ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ಆರೋಪ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಪ್ರಸಾರವಾಯಿತು. ಚಾಲಕರು ತಪ್ಪು ಪೆಡಲ್ ಒತ್ತಿದ್ದೇ ಮುಖ್ಯ ಕಾರಣವೆಂದು 1989ರಲ್ಲಿ ಸರ್ಕಾರಿ ಅಧ್ಯಯನ ಹೇಳಿದರೂ, ಅಷ್ಟರಲ್ಲಿ ಅಲ್ಲಿನ ಮಾರಾಟ ನೆಲಕಚ್ಚಿತ್ತು. ಆದರೂ ಆಡಿ ಎ4ರಂಥ ಮಾದರಿಗಳ ಮೂಲಕ, ಒಂದೇ ತಾಂತ್ರಿಕ ಧೋರಣೆಯನ್ನು ದಶಕಗಳ ಕಾಲ ಬಿಡದೆ ಅನುಸರಿಸಿ, ಮರಳಿ ಮೇಲೆದ್ದಿತು.

ಪರ ಮತ್ತು ವಿರೋಧದ ವಾದಗಳು

ಪ್ರತಿಷ್ಠೆ ಮರಳುವುದು ಸಾಧ್ಯ ಎನ್ನುವವರು ನಾಲ್ಕು ಅಂಶಗಳನ್ನು ಮುಂದಿಡುತ್ತಾರೆ. ಕ್ಯಾಡಿಲಾಕ್ ಹೆಸರಿನ ಸಾಂಸ್ಕೃತಿಕ ಬಂಡವಾಳ ಇನ್ನೂ ಅಳಿದಿಲ್ಲ. ಎಸ್ಕಲೇಡ್ ತನ್ನ ವರ್ಗದಲ್ಲಿ ಪೂರ್ಣ ಬೆಲೆಗೆ ಮಾರಾಟವಾಗುವ ಶಕ್ತಿಯನ್ನು ತೋರಿಸಿದೆ. ಅವನತಿಯನ್ನು ಕಣ್ಣಾರೆ ಕಂಡ ಪೀಳಿಗೆ ಮಾರುಕಟ್ಟೆಯಿಂದ ಸರಿಯುತ್ತಿದ್ದು, ಕಿರಿಯರಿಗೆ ಸಿಮರಾನ್‌ನ ನೆನಪಿಲ್ಲ. 2017ರಲ್ಲಿ ಸಿಟಿ6 ಕಾರಿನಲ್ಲಿ ಬಂದ, ಹೆದ್ದಾರಿಯಲ್ಲಿ ಸ್ಟಿಯರಿಂಗ್‌ನಿಂದ ಕೈ ತೆಗೆದು ಸಾಗಬಹುದಾದ ಸೂಪರ್ ಕ್ರೂಸ್ ವ್ಯವಸ್ಥೆಯು ತಾಂತ್ರಿಕ ಮುಂದಾಳುತನ ಮರಳಬಲ್ಲದೆಂದು ಸೂಚಿಸುತ್ತದೆ.

ಸಾಧ್ಯವಿಲ್ಲ ಎನ್ನುವವರ ವಾದಕ್ಕೂ ಬಲವಿದೆ. ಪ್ರತಿ ಕೆಲವು ವರ್ಷಗಳಿಗೊಮ್ಮೆ ಮುಖ್ಯಸ್ಥರು, ಮಾದರಿಗಳ ಹೆಸರುಗಳು, ಧೋರಣೆಗಳು ಬದಲಾಗುತ್ತಿವೆ. ಎಲ್ಡೊರಾಡೊ, ಸೆವಿಲ್, ಡಿವಿಲ್ ಎಂಬ ಪ್ರಸಿದ್ಧ ಹೆಸರುಗಳನ್ನು ಕೈಬಿಟ್ಟು ಅಕ್ಷರ ಮತ್ತು ಅಂಕಿಗಳ ಹೆಸರುಗಳನ್ನು ಇಡಲಾಯಿತು. ಆಮೇಲೆ ಅವನ್ನೂ ಕೈಬಿಟ್ಟು ಹೊಸ ಹೆಸರುಗಳನ್ನು ಹುಡುಕಲಾಯಿತು. ಹೊಸ ಎಂಜಿನ್ ಅಥವಾ ಮಾದರಿ ಸುಧಾರಿಸುವ ಹೊತ್ತಿಗೆ ಅದನ್ನು ನಿಲ್ಲಿಸುವ ಅಲಾಂಟೆ ಕಾಲದ ರೂಢಿ ಸಿಟಿ6 ವಿಷಯದಲ್ಲೂ ಮುಂದುವರಿಯಿತು. ಇದರೊಂದಿಗೆ, ಒಂದೇ ಕಂಪನಿಯಲ್ಲಿ ಅಗ್ಗದ ಬ್ರಾಂಡ್‌ಗಳೊಡನೆ ಇರುವವರೆಗೆ ಖರ್ಚು ಉಳಿಸಲು ಭಾಗಗಳನ್ನು ಹಂಚಿಕೊಳ್ಳುವ ಒತ್ತಡ ತಪ್ಪದು.

ಈ ಚರ್ಚೆ ಶ್ರೀಮಂತರ ಅಭಿರುಚಿಗೆ ಮಾತ್ರ ಸಂಬಂಧಿಸಿದುದಲ್ಲ. ಐಷಾರಾಮಿ ಕಾರುಗಳಿಂದ ಬರುವ ಲಾಭ ಪ್ರತಿ ಕಾರಿಗೆ ಸಾಮಾನ್ಯ ಕಾರುಗಳಿಗಿಂತ ಬಹಳ ಹೆಚ್ಚು. ಆ ಲಾಭ ವಿದೇಶಿ ಕಂಪನಿಗಳ ಪಾಲಾದಾಗ ಅದರ ಪರಿಣಾಮ ಮಿಷಿಗನ್ ಮತ್ತು ಟೆನೆಸಿಯ ಕಾರ್ಖಾನೆಗಳ ಕಾರ್ಮಿಕರ ಮೇಲೂ ಬಿಡಿಭಾಗ ತಯಾರಕರ ಮೇಲೂ ಆಗುತ್ತದೆ.

ಭಾರತದೊಂದಿಗೆ ಸಂಬಂಧ

ಕ್ಯಾಡಿಲಾಕ್ ಕಾರುಗಳನ್ನು ಜನರಲ್ ಮೋಟಾರ್ಸ್ ಆಧುನಿಕ ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ತರಲಿಲ್ಲ. ಕಂಪನಿಯು ಶೆವ್ರೊಲೆ ಹೆಸರಿನಲ್ಲಿ ನಡೆಸುತ್ತಿದ್ದ ದೇಶೀಯ ಮಾರಾಟವನ್ನು 2017ರ ಕೊನೆಯಲ್ಲಿ ನಿಲ್ಲಿಸಿತು. ಆದರೆ 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜನರಲ್ ಮೋಟಾರ್ಸ್ ತಾಂತ್ರಿಕ ಕೇಂದ್ರ ಮುಂದುವರಿಯಿತು. ಕಂಪನಿಯ ವಾಹನಗಳಿಗೆ ಬೇಕಾದ ಎಂಜಿನಿಯರಿಂಗ್ ಕೆಲಸಗಳು ಅಲ್ಲಿ ನಡೆಯುತ್ತವೆ. ಹೀಗೆ ಕರ್ನಾಟಕದ ರಸ್ತೆಗಳಲ್ಲಿ ಅಪರೂಪವಾಗಿರುವ ಈ ಕಾರಿನ ಒಡೆತನದ ಕಂಪನಿಗೆ ಕರ್ನಾಟಕದ ರಾಜಧಾನಿಯೊಂದಿಗೆ ನಂಟಿದೆ.

ಮೌಲ್ಯಮಾಪನ

ಕ್ಯಾಡಿಲಾಕ್ ತನ್ನ ತಾಯ್ನಾಡಿನಲ್ಲಿ ಗೌರವದ ಒಂದು ಭಾಗವನ್ನು ಮರಳಿ ಗಳಿಸಿದೆ. 2024ರಲ್ಲಿ ಅಮೆರಿಕದಲ್ಲಿ ಸುಮಾರು 1.6 ಲಕ್ಷ ಕಾರುಗಳು ಮಾರಾಟವಾದವು. ಇದು 1978ರ ಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರೂ, ಎಸ್ಕಲೇಡ್ ಮತ್ತು ವಿದ್ಯುತ್ ಮಾದರಿಗಳಿಂದ ಪ್ರತಿ ಕಾರಿನ ಬೆಲೆ ಹೆಚ್ಚಿದೆ. ಜಾಗತಿಕ ಸ್ಥಾನದ ವಿಷಯದಲ್ಲಿ ಹಾಗೆ ಹೇಳಲಾಗದು. ಯುರೋಪಿನಲ್ಲಿ ಅದರ ಅಸ್ತಿತ್ವ ಅತ್ಯಲ್ಪ. ಚೀನಾದಲ್ಲಿ ಗಳಿಸಿದ್ದು ಕರಗುತ್ತಿದೆ.

1908ರಲ್ಲಿ ಮೂರು ಕಾರುಗಳ ಬಿಡಿಭಾಗಗಳನ್ನು ಪರಕೀಯರ ಮುಂದೆ ರಾಶಿ ಹಾಕಿ ಮರುಜೋಡಿಸಿದಾಗ ಕ್ಯಾಡಿಲಾಕ್ ತನ್ನ ಮೇಲ್ಮೆಯನ್ನು ಸಾಬೀತುಮಾಡಿತ್ತು; ಘೋಷವಾಕ್ಯ ಆ ಬಳಿಕ ಬಂದಿತು. 1982ರ ನಂತರದ ಅನೇಕ ಪ್ರಯತ್ನಗಳಲ್ಲಿ ಈ ಕ್ರಮ ತಲೆಕೆಳಗಾಗಿ, ಘೋಷಣೆ ಮುಂದೆ ಬಂದು ಪುರಾವೆ ಹಿಂದೆ ಉಳಿಯಿತು. ಸೆಲೆಸ್ಟಿಕ್‌ನಂಥ ಒಂದು ಅಮೂಲ್ಯ ಕಾರು ಆ ಕೊರತೆಯನ್ನು ತುಂಬಲಾರದು. ಸಾಮಾನ್ಯ ಗ್ರಾಹಕನ ಕೈಗೆ ಬರುವ ಪ್ರತಿಯೊಂದು ಕ್ಯಾಡಿಲಾಕ್ ಹತ್ತಾರು ವರ್ಷ ದೋಷವಿಲ್ಲದೆ ಓಡಬೇಕು. ಒಡೆಯರು ಬದಲಾದರೂ ಧೋರಣೆ ಬದಲಾಗಬಾರದು. ಆಡಿ ಮತ್ತು ಲೆಕ್ಸಸ್‌ಗಳ ಇತಿಹಾಸವು ಇದು ಸಾಧ್ಯವೆಂದೂ, ಪ್ಯಾಕಾರ್ಡ್‌ನ ಇತಿಹಾಸವು ಇದು ಖಚಿತವಲ್ಲವೆಂದೂ ತೋರಿಸುತ್ತವೆ.